ನಗರಸಭೆಯಲ್ಲಿ ಯಾರಿಗೆ ಯಾರು ಸಾಹೇಬರು?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಬಸವನಹಳ್ಳಿ ಕಡೆಯವನು. ಸಣ್ಣ ಅಂಗಡಿ ಇದೆ. ಕಸದ ಆಟೊ ಓಡಿಸುವ ಹುಡುಗ, ರಸ್ತೆ ಗುಡಿಸುವ ಅಕ್ಕ, ನೀರು ಬಿಡುವವರು, ಕಂದಾಯಕ್ಕೆ ಬರುವ ಬಿಲ್ ಕಲೆಕ್ಟರ್ ಎಲ್ಲರೂ ಪರಿಚಯ. ನಾಲ್ವರೂ ನಗರಸಭೆಯವರು ಅಂತಲೇ ತಿಳಿದಿದ್ದೆ. ಮೊನ್ನೆ ಆಟೊ ಹುಡುಗ ‘ನಾನು ನಗರಸಭೆಯವನಲ್ಲ ಸಾರ್, ಏಜೆನ್ಸಿಯವನು’ ಅಂದ. ಗುಡಿಸುವ ಅಕ್ಕ ‘ನಾನೀಗ ಪರ್ಮನೆಂಟು’ ಅಂದರು. ವಾರ್ಡಿನ ಸದಸ್ಯರು ‘ಅಧಿಕಾರಿಗಳೆಲ್ಲ ಸರ್ಕಾರದವರು, ನಮ್ಮ ಕೈಯಲ್ಲಿಲ್ಲ’ ಅಂದರು. ಹಾಗಾದರೆ ನಗರಸಭೆಯ ನೌಕರ ಯಾರು? ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು? ಮಗಳು ಬಿ.ಕಾಂ. ಮುಗಿಸಿದ್ದಾಳೆ. ಇಲ್ಲೇ ನಗರಸಭೆಯಲ್ಲಿ ಕೆಲಸ ಸಿಗುವ ಹಾಗಿದ್ದರೆ ಪರೀಕ್ಷೆಗೆ ಓದಿಸೋಣ ಅಂತಿದ್ದೇನೆ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಆಟೊ ಹುಡುಗ ಹೇಳಿದ್ದೂ ನಿಜ, ಗುಡಿಸುವ ಅಕ್ಕ ಹೇಳಿದ್ದೂ ನಿಜ, ಸದಸ್ಯರು ಹೇಳಿದ್ದೂ ಬಹುಪಾಲು ನಿಜ.

ಮೂವತ್ತು ವರ್ಷ ಪುರಸಭೆ, ನಗರಸಭೆಗಳಲ್ಲೇ ಕಳೆದವನು ನಾನು. ಕರ ವಸೂಲಿಗಾರನಾಗಿ, ಅಂದರೆ ನೀವು ಹೇಳುವ ಬಿಲ್ ಕಲೆಕ್ಟರ್ ಆಗಿ ಸೇರಿದೆ. ವ್ಯವಸ್ಥಾಪಕನಾಗಿ ನಿವೃತ್ತನಾದೆ. ಸೇರಿದ ಹೊಸದರಲ್ಲಿ ನನಗೂ ಇದೇ ಗೊಂದಲ. ಆಗ ನಮ್ಮ ಕಚೇರಿಯ ಹಿರಿಯ ಗುಮಾಸ್ತರೊಬ್ಬರು ಒಂದು ದಾರಿ ಹೇಳಿಕೊಟ್ಟರು. ಯಾರನ್ನೇ ನೋಡು, ಮೂರು ಪ್ರಶ್ನೆ ಕೇಳಿಕೋ. ಇವನ ನೇಮಕದ ಆದೇಶಕ್ಕೆ ಸಹಿ ಹಾಕಿದವರು ಯಾರು? ಸಂಬಳ ಯಾವ ಖಾತೆಯಿಂದ ಬರುತ್ತದೆ? ವರ್ಗ ಮಾಡುವವರು ಯಾರು? ಮೂರಕ್ಕೂ ಉತ್ತರ ಸಿಕ್ಕಿತು ಅಂದರೆ, ಇವನು ಯಾರ ಮಾತು ಕೇಳುತ್ತಾನೆ ಅಂತಲೂ ಗೊತ್ತಾಯಿತು. ನಿಮ್ಮ ಪ್ರಶ್ನೆಯನ್ನೂ ಹೀಗೇ ಬಿಡಿಸೋಣ.

ಮೊದಲು ಸದಸ್ಯರ ಮಾತು ನೋಡೋಣ. ಚಿಕ್ಕಮಗಳೂರು ನಗರಸಭೆಯಲ್ಲಿ 35 ವಾರ್ಡು, ವಾರ್ಡಿಗೆ ಒಬ್ಬರಂತೆ 35 ಜನ ಆಯ್ಕೆಯಾದ ಸದಸ್ಯರು. ಅವರಲ್ಲೇ ಅಧ್ಯಕ್ಷರು, ಉಪಾಧ್ಯಕ್ಷರು ಆಗುತ್ತಾರೆ. ಸರ್ಕಾರ ನಾಮಕರಣ ಮಾಡಿದ ಕೆಲವರು ಇರುತ್ತಾರೆ. ಇವರು ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರೂ ಸಂಸದರೂ ಸಭೆಯಲ್ಲಿ ಕೂರಬಹುದು, ಅವರಿಗೆ ಮತವೂ ಇದೆ. ಇವರೆಲ್ಲ ಸೇರಿ ಬಜೆಟ್ ಒಪ್ಪುತ್ತಾರೆ, ಯಾವ ಬೀದಿಗೆ ಚರಂಡಿ ಅಂತ ತೀರ್ಮಾನಿಸುತ್ತಾರೆ, ಅಧಿಕಾರಿಗಳನ್ನು ನಿಲ್ಲಿಸಿ ಲೆಕ್ಕ ಕೇಳುತ್ತಾರೆ. ಆದರೆ ಒಬ್ಬ ಗುಮಾಸ್ತನನ್ನು ಖಾಯಂ ಆಗಿ ನೇಮಿಸಲು ಇವರಿಂದ ಆಗುವುದಿಲ್ಲ. ಇರುವ ಗುಮಾಸ್ತನನ್ನು ಕಡೂರಿಗೆ ವರ್ಗ ಮಾಡುವುದೂ ಆಗುವುದಿಲ್ಲ. ನಮ್ಮ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಸದಸ್ಯರು ಉತ್ತರ ಅಲ್ಲ. ಹಾಗಾಗಿಯೇ ಅವರು ‘ನಮ್ಮ ಕೈಯಲ್ಲಿಲ್ಲ’ ಅಂದಿದ್ದು.

ಇದು ಕಾನೂನಿನಲ್ಲೇ ಇರುವ ಏರ್ಪಾಡು. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮೂರೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಕೆಳಗೆ ನಡೆಯುತ್ತವೆ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ. ಸ್ಥೂಲವಾಗಿ ಹೇಳುವುದಾದರೆ 20 ಸಾವಿರ ಜನ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ, 3 ಲಕ್ಷ ದಾಟಿದರೆ ಪಾಲಿಕೆ. ನಮ್ಮ ಜಿಲ್ಲೆಯಲ್ಲಿ ಚಿಕ್ಕಮಗಳೂರು ಒಂದೇ ನಗರಸಭೆ. ಕಡೂರು, ಬೀರೂರು, ತರೀಕೆರೆ ಪುರಸಭೆಗಳು. ಮೂಡಿಗೆರೆ, ಕೊಪ್ಪ, ಶೃಂಗೇರಿಯಂಥವು ಪಟ್ಟಣ ಪಂಚಾಯಿತಿಗಳು. ನಗರಸಭೆಯ ಆಡಳಿತದ ಮುಖ್ಯಸ್ಥರು ಪೌರಾಯುಕ್ತರು. ಪುರಸಭೆ, ಪಟ್ಟಣ ಪಂಚಾಯಿತಿಯಲ್ಲಿ ಅದೇ ಕುರ್ಚಿಗೆ ಮುಖ್ಯಾಧಿಕಾರಿ ಅಂತ ಹೆಸರು.

ಪೌರಾಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಪೌರಾಡಳಿತ ಸೇವೆಯಲ್ಲೇ ಕೆಳಗಿನಿಂದ ಬಡ್ತಿ ಪಡೆದು ಬಂದವರು ಇರಬಹುದು, ಕೆಎಎಸ್ ಅಧಿಕಾರಿ ನಿಯೋಜನೆಯ ಮೇಲೆ ಬಂದಿರಬಹುದು. ಯಾರೇ ಆದರೂ ಅವರ ಮುಂದಿನ ಊರು ಯಾವುದು ಅಂತ ಬರೆಯುವ ಪೆನ್ನು ಬೆಂಗಳೂರಿನಲ್ಲಿದೆ. ಅಲ್ಲಿ ನಗರಾಭಿವೃದ್ಧಿ ಇಲಾಖೆ, ಅದರ ಕೆಳಗೆ ಪೌರಾಡಳಿತ ನಿರ್ದೇಶನಾಲಯ. ನಿರ್ದೇಶನಾಲಯ ಶುರುವಾಗಿದ್ದು 1984ರಲ್ಲಿ. ಜಿಲ್ಲೆಯಲ್ಲಿ ಅದರ ಕಣ್ಣು ಕಿವಿ ಅಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶ. ಇದಕ್ಕೆ ಯೋಜನಾ ನಿರ್ದೇಶಕರು ಅಂತ ಒಬ್ಬರು ಇರುತ್ತಾರೆ, ನಾವೆಲ್ಲ ‘ಪಿ.ಡಿ. ಸಾಹೇಬರು’ ಅನ್ನುತ್ತಿದ್ದೆವು. ನಗರಸಭೆ ಕಾನೂನು ಮೀರಿ ಠರಾವು ಮಾಡಿದರೆ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ಚುನಾವಣೆ ತಡವಾಗಿ ಸದಸ್ಯರೇ ಇಲ್ಲದ ಕಾಲದಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಆಡಳಿತಾಧಿಕಾರಿ.

ನನ್ನ ಅಭಿಪ್ರಾಯ ಕೇಳಿದರೆ, ಇದರಲ್ಲಿ ಅರ್ಧ ಒಳ್ಳೆಯದಿದೆ, ಅರ್ಧ ತೊಂದರೆ ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನಗರಾಡಳಿತಕ್ಕೆ ಅಂತ 18 ವಿಷಯಗಳ ಪಟ್ಟಿ ಸೇರಿತು. ನೀರು, ಕಸ, ರಸ್ತೆ, ಸ್ಮಶಾನ, ಬೀದಿದೀಪ ಎಲ್ಲ ಅದರಲ್ಲಿವೆ. ಕೆಲಸ ಬಂತು. ಕೆಲಸಗಾರನನ್ನು ಆರಿಸುವ ಅಧಿಕಾರ ಬರಲಿಲ್ಲ. ಅಧ್ಯಕ್ಷರು ಎಷ್ಟೇ ಚುರುಕಾಗಿದ್ದರೂ ಇಂಜಿನಿಯರ್ ಇಲ್ಲದೆ ಎಸ್ಟಿಮೇಟ್ ಆಗುವುದಿಲ್ಲ, ಇಂಜಿನಿಯರ್ ಬೇಕು ಅಂದರೆ ಬೆಂಗಳೂರಿಗೆ ಪತ್ರ ಬರೆಯಬೇಕು. ಆದರೆ ನೇಮಕವೆಲ್ಲ ಊರಿನಲ್ಲೇ ನಡೆದರೆ ಏನಾಗುತ್ತದೆ ಅಂತಲೂ ಯೋಚಿಸಿ. ಸದಸ್ಯರ ಭಾವಮೈದ, ಅಧ್ಯಕ್ಷರ ತಂಗಿ ಮಗ ಅಂತ ಪಟ್ಟಿ ಬೆಳೆಯುತ್ತದೆ. ದಿನಗೂಲಿ ಅಂತ ಸೇರಿಸಿಕೊಂಡು ಖಾಯಂ ಮಾಡುವ ಆಸೆ ಹುಟ್ಟಿಸಿದ ಕಾಲ ಒಂದಿತ್ತು. ಅದರ ಬಾಲವನ್ನು ಸರ್ಕಾರ ಎಷ್ಟು ವರ್ಷ ಎಳೆಯಿತು ಅಂತ ಮುಂದೆ ಹೇಳುತ್ತೇನೆ.

ಈಗ ಕಚೇರಿ ಒಳಗೆ ಬನ್ನಿ.

ಪೌರಾಯುಕ್ತರ ಕೆಳಗೆ ಶಾಖೆಗಳು. ಮಾಮೂಲಿ ಜನ ಜಾಸ್ತಿ ನೋಡುವುದು ಕಂದಾಯ ಶಾಖೆ. ಇಲ್ಲಿ ಕಂದಾಯ ಅಧಿಕಾರಿ, ಕಂದಾಯ ನಿರೀಕ್ಷಕರು, ಕರ ವಸೂಲಿಗಾರರು. ಆಸ್ತಿ ತೆರಿಗೆ, ಖಾತೆ ಬದಲಾವಣೆ, ಇ-ಖಾತೆ, ನಗರಸಭೆ ಮಳಿಗೆಗಳ ಬಾಡಿಗೆ ಎಲ್ಲ ಇವರದ್ದು. ತಾಂತ್ರಿಕ ಶಾಖೆಯಲ್ಲಿ ಸಹಾಯಕ ಕಾರ್ಯಪಾಲಕ ಇಂಜಿನಿಯರ್, ಅವರ ಕೆಳಗೆ ಸಹಾಯಕ ಮತ್ತು ಕಿರಿಯ ಇಂಜಿನಿಯರ್‌ಗಳು. ರಸ್ತೆ, ಚರಂಡಿ, ಕಟ್ಟಡ ಪರವಾನಗಿ ಇಲ್ಲಿ. ನೀರಿನ ವಿಭಾಗಕ್ಕೆ ಪಂಪ್ ಆಪರೇಟರ್‌ಗಳು, ವಾಲ್ವ್‌ಮನ್‌ಗಳು. ಹಿರೇಕೊಳಲೆ ಕೆರೆಯ ನೀರಾಗಲಿ ಯಗಚಿಯ ನೀರಾಗಲಿ, ನಿಮ್ಮ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಗೊತ್ತಿರುವುದು ಪೌರಾಯುಕ್ತರಿಗಲ್ಲ, ವಾಲ್ವ್‌ಮನ್‌ಗೆ. ಆರೋಗ್ಯ ಶಾಖೆಗೆ ಪರಿಸರ ಇಂಜಿನಿಯರ್, ಆರೋಗ್ಯ ನಿರೀಕ್ಷಕರು, ಅವರ ಕೆಳಗೆ ದಫೇದಾರರು, ಪೌರಕಾರ್ಮಿಕರು. ಹೆಸರು ಆರೋಗ್ಯ ಅಂತಿದ್ದರೂ ಆಸ್ಪತ್ರೆಗೂ ಇವರಿಗೂ ಸಂಬಂಧ ಇಲ್ಲ. ಕಸ, ಚರಂಡಿ ಸ್ವಚ್ಛತೆ, ಅಂಗಡಿ ಪರವಾನಗಿ ಇವರ ಕೆಲಸ. ನಿಮ್ಮ ಅಂಗಡಿಗೆ ಟ್ರೇಡ್ ಲೈಸೆನ್ಸ್ ನೋಡಲು ಬಂದಿದ್ದರೆ ಅವರು ಆರೋಗ್ಯ ನಿರೀಕ್ಷಕರು.

ಲೆಕ್ಕ ಶಾಖೆ ಸದ್ದಿಲ್ಲದ ಜಾಗ. ಆದರೆ ಕಚೇರಿಯ ಉಸಿರು ಅಲ್ಲಿದೆ. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದ ಮೇಲೆ ಹಳೆಯ ಜಮಾ-ಖರ್ಚು ಪುಸ್ತಕ ಹೋಗಿ ಜೋಡಿ ನಮೂದು ಪದ್ಧತಿ ಬಂತು. ನಾವು ಹಳಬರು ಅದಕ್ಕೆ ತಲೆ ಕೆಡಿಸಿಕೊಂಡಿದ್ದು ಅಷ್ಟಿಷ್ಟಲ್ಲ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ಹೊಸದಾಗಿ ಸೇರಿದ ಕಾಮರ್ಸ್ ಹುಡುಗಿಯರ ಹತ್ತಿರ ಕಲಿತೆವು. ನಿಮ್ಮ ಮಗಳ ವಿಷಯಕ್ಕೆ ಬಂದಾಗ ಇದು ನೆನಪಿರಲಿ. ಇಲ್ಲಿ ಹಿರಿಯ ಹುದ್ದೆಗಳಿಗೆ ರಾಜ್ಯ ಲೆಕ್ಕಪತ್ರ ಇಲಾಖೆಯಿಂದಲೂ ಜನ ನಿಯೋಜನೆಯ ಮೇಲೆ ಬರುತ್ತಾರೆ. ಅವರಿಗೆ ಇನ್ನೊಬ್ಬ ಸಾಹೇಬರು ಬೇರೆ ಕಡೆ ಇದ್ದಾರೆ ಅಂತಾಯಿತು.

ಇನ್ನು ಆಡಳಿತ ಶಾಖೆ, ನಾನಿದ್ದ ಜಾಗ. ವ್ಯವಸ್ಥಾಪಕರು, ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು. ಸಿಬ್ಬಂದಿಯ ಸೇವಾ ಪುಸ್ತಕ, ರಜೆ, ಬಡ್ತಿ, ಕೌನ್ಸಿಲ್ ಸಭೆಯ ನಡಾವಳಿ ಇವೆಲ್ಲ ಇಲ್ಲಿ. ಸ್ವಸಹಾಯ ಸಂಘ, ಬೀದಿ ವ್ಯಾಪಾರಿಗಳ ಸಾಲ ನೋಡುವ ಸಮುದಾಯ ಸಂಘಟಕರು ಬೇರೆ ಮೂಲೆಯಲ್ಲಿ ಕೂರುತ್ತಾರೆ.

ಈ ಶಾಖೆಗಳ ಖಾಯಂ ನೌಕರರಿಗೆ ನಮ್ಮ ಮೂರು ಪ್ರಶ್ನೆ ಹಾಕಿ ನೋಡಿ. ನೇಮಕ ರಾಜ್ಯ ಮಟ್ಟದ್ದು. ಯಾವ ಹುದ್ದೆಗೆ ಏನು ಓದಿರಬೇಕು, ಎಷ್ಟು ಪಾಲು ನೇರ ನೇಮಕ, ಎಷ್ಟು ಪಾಲು ಬಡ್ತಿ ಅಂತ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಬರೆದಿದೆ. ಕಚೇರಿಯಲ್ಲಿ ಎಲ್ಲರೂ ‘ಸಿ ಅಂಡ್ ಆರ್’ ಅನ್ನುವುದು ಇದನ್ನೇ. ಸಂಬಳ ಹೆಚ್ಚಾಗಿ ರಾಜ್ಯ ಹಣಕಾಸು ಆಯೋಗದ ವೇತನ ಅನುದಾನದಿಂದ, ಅಂದರೆ ಎಸ್‌ಎಫ್‌ಸಿ ಹಣದಿಂದ. ವರ್ಗ ಮೇಲಿನವರ ಕೈಯಲ್ಲಿ. ಇಷ್ಟೆಲ್ಲ ಇದ್ದ ಮೇಲೆ ಇವರು ರಾಜ್ಯ ಸರ್ಕಾರಿ ನೌಕರರೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲೇ ಇದೆ ಪೇಚು. ಕಾಗದದ ಮೇಲೆ ಅವರು ಪುರಸಭಾ ನೌಕರರು. ಶಿಸ್ತು ನಿಯಮ, ನಡತೆ ನಿಯಮ ರಾಜ್ಯ ನೌಕರರದ್ದೇ ಮಾದರಿ. ವೇತನ ಶ್ರೇಣಿ ಅದೇ, ನಿವೃತ್ತಿ ವಯಸ್ಸು 60 ಅದೇ. ಆದರೂ ಕೆಲವು ಸೌಲಭ್ಯಗಳ ವಿಷಯ ಬಂದಾಗ ಇವರು ಸಾಲಿನ ಹೊರಗೆ. ನಮ್ಮನ್ನೂ ಪೂರ್ತಿ ರಾಜ್ಯ ನೌಕರರು ಅಂತ ಮಾಡಿ ಅಂತ ಪೌರ ನೌಕರರ ಬೇಡಿಕೆ ತುಂಬ ಹಳೆಯದು. ನಾನೂ ಒಂದೆರಡು ಸಲ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಿದ್ದೇನೆ.

ಈಗ ಗುಡಿಸುವ ಅಕ್ಕನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಗರಸಭೆಯ ಇಡೀ ಸಿಬ್ಬಂದಿ ವ್ಯವಸ್ಥೆ ಹೇಗೆ ತಿರುವು ತೆಗೆದುಕೊಂಡಿತು ಅಂತ ಅವರ ಕೆಲಸದಲ್ಲೇ ಕಾಣುತ್ತದೆ.

ಹಿಂದೆ ಪೌರಕಾರ್ಮಿಕರು ಖಾಯಂ ನೌಕರರೇ ಆಗಿದ್ದರು. ನಿವೃತ್ತರಾದ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಊರು ಬೆಳೆಯಿತು. ಖಾಲಿ ಜಾಗವನ್ನು ಗುತ್ತಿಗೆದಾರರು ತುಂಬಿದರು. ಹಾಜರಾತಿ ಗುತ್ತಿಗೆದಾರನ ಪುಸ್ತಕದಲ್ಲಿ, ಕೆಲಸ ನಗರಸಭೆಯ ಬೀದಿಯಲ್ಲಿ. ಪಿಎಫ್ ಕಟ್ಟಿದ್ದಾರೋ ಇಲ್ಲವೋ, ಇಎಸ್‌ಐ ಕಾರ್ಡು ಕೊಟ್ಟಿದ್ದಾರೋ ಇಲ್ಲವೋ ಅಂತ ಕೇಳಲು ಹೋದರೆ ಆ ಹೆಂಗಸರಿಗೆ ಕೆಲಸವೇ ಹೋಗುವ ಭಯ. ನಾನಿದ್ದ ಒಂದು ಊರಿನಲ್ಲಿ ಗುತ್ತಿಗೆದಾರ ಮೂರು ತಿಂಗಳು ಸಂಬಳ ಕೊಡದೆ ಕಾಣೆಯಾದ. ಹೆಂಗಸರು ಪೊರಕೆ ಹಿಡಿದು ಕಚೇರಿ ಮೆಟ್ಟಿಲ ಮೇಲೆ ಕೂತರು. ‘ನಿಮ್ಮ ಮಾಲೀಕರು ನಾವಲ್ಲ’ ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರಲ್ಲಿ ಒಬ್ಬರು ‘ಹಾಗಾದ್ರೆ ನಾಳೆಯಿಂದ ಯಾರ ಬೀದಿ ಗುಡಿಸೋದು ಸಾರ್?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

2017ರ ಹೊತ್ತಿಗೆ ಸರ್ಕಾರ ಸ್ವಚ್ಛತೆ ಕೆಲಸದಲ್ಲಿ ಗುತ್ತಿಗೆ ಬೇಡ ಅಂತ ತೀರ್ಮಾನಿಸಿತು. ಗುತ್ತಿಗೆದಾರನನ್ನು ತೆಗೆದು ಸಂಬಳವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವುದು ಶುರುವಾಯಿತು. ಹಾಗೆ ‘ನೇರಪಾವತಿ ಪೌರಕಾರ್ಮಿಕರು’ ಅಂತ ಹೊಸ ಹೆಸರು ಹುಟ್ಟಿತು. ಅವರು ಖಾಯಂ ಅಲ್ಲ, ಗುತ್ತಿಗೆಯೂ ಅಲ್ಲ, ನಡುವೆ. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಮುಷ್ಕರವಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ 11,133 ಪೌರಕಾರ್ಮಿಕರನ್ನು ಖಾಯಂ ಮಾಡಲು ಒಪ್ಪಿತು. ವಿಶೇಷ ನೇಮಕಾತಿ ಹಂತ ಹಂತವಾಗಿ ನಡೆಯಿತು. ಓದಿನ ಅರ್ಹತೆ ಕೇಳಲಿಲ್ಲ, ಕನ್ನಡ ಮಾತಾಡಲು ಬರಬೇಕು ಅಷ್ಟೇ. ಈ ನೇಮಕಾತಿ ನಡೆದದ್ದು ಜಿಲ್ಲಾಧಿಕಾರಿ ಮಟ್ಟದಲ್ಲಿ. ನಿಮ್ಮ ಬೀದಿಯ ಅಕ್ಕ ಪರ್ಮನೆಂಟ್ ಆಗಿದ್ದು ಹೆಚ್ಚುಕಮ್ಮಿ ಈ ದಾರಿಯಲ್ಲೇ ಇರಬೇಕು. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಲೆಕ್ಕದಲ್ಲಿ ರಾಜ್ಯ ಶ್ರೇಣಿಯ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಗುತ್ತಿಗೆದಾರನ ಕೈಯಿಂದ ಚಿಲ್ಲರೆ ಎಣಿಸಿಕೊಂಡ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ.

ಎಷ್ಟು ಜನ ಬೇಕು ಅಂತಲೂ ಒಂದು ಲೆಕ್ಕ ಇದೆ. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತ್ತು. ಆಮೇಲೆ ಸರ್ಕಾರ 700ಕ್ಕೆ ಒಬ್ಬರು ಅಂತ ಮಾಡಿತು. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನ ಸುಮಾರು 1.18 ಲಕ್ಷ. ಹಳೆಯ ಲೆಕ್ಕದಲ್ಲಿ 236 ಜನ ಬೇಕು, ಹೊಸ ಲೆಕ್ಕದಲ್ಲಿ 169 ಸಾಕು. ಒಂದು ಸಂಖ್ಯೆ ಬದಲಾದರೆ 67 ಜನರ ಕೆಲಸ ಉಳಿದವರ ಬೆನ್ನಿಗೆ. ಇನ್ನೊಂದು ಮಾತು. 2021ರಲ್ಲಿ ಜನಗಣತಿ ನಡೆಯಲೇ ಇಲ್ಲ. ಹೊಸ ಬಡಾವಣೆಗಳು ಲೆಕ್ಕಕ್ಕಿಲ್ಲ. ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಅಂತ ಬರುವ ಕಾರುಗಳ ಸಾಲು ನೀವೇ ನೋಡಿದ್ದೀರಿ. ಅವರು ಊಟ ಮಾಡಿ ಬಿಸಾಕಿದ ಎಲೆ, ಬಾಟಲಿ ಯಾವ ಜನಗಣತಿಯಲ್ಲೂ ಇಲ್ಲ. ಸೋಮವಾರ ಬೆಳಗ್ಗೆ ಅದನ್ನು ಎತ್ತುವುದು ಮಾತ್ರ ಇದೇ ಲೆಕ್ಕದ ಜನ.

ಹಾಗಾದರೆ ಆಟೊ ಹುಡುಗ? ಪೌರಕಾರ್ಮಿಕ ಅಂದರೆ ಗುಡಿಸುವವರು ಅಂತ ಲೆಕ್ಕ ಹಾಕಿದರು. ವಾಹನ ಓಡಿಸುವವರು, ಕಸ ತುಂಬುವ ಲೋಡರ್‌ಗಳು, ಒಳಚರಂಡಿ ಸಹಾಯಕರು, ನೀರಿನ ವಿಭಾಗದ ಎಷ್ಟೋ ಮಂದಿ, ಕಂಪ್ಯೂಟರ್ ಮುಂದೆ ಕೂರುವ ಡೇಟಾ ಎಂಟ್ರಿ ಆಪರೇಟರ್‌ಗಳು ಹೊರಗುತ್ತಿಗೆಯಲ್ಲೇ ಉಳಿದರು. ಒಂದೇ ಕಸ. ಅದನ್ನು ಗುಡ್ಡೆ ಮಾಡಿದವರು ಖಾಯಂ, ಇಂದಾವರದ ಕಸ ವಿಲೇವಾರಿ ಜಾಗಕ್ಕೆ ಸಾಗಿಸುವವನು ಏಜೆನ್ಸಿಯವನು. ಅವನಿಗೆ ಮೂರು ಪ್ರಶ್ನೆ ಹಾಕಿದರೆ: ಸೇರಿಸಿಕೊಂಡಿದ್ದು ಟೆಂಡರ್ ಹಿಡಿದ ಏಜೆನ್ಸಿ, ಹಣ ಹೋಗುವುದು ಹೆಚ್ಚಾಗಿ ನಗರಸಭೆಯ ಸ್ವಂತ ನಿಧಿಯಿಂದ ಏಜೆನ್ಸಿಯ ಮೂಲಕ, ವರ್ಗ ಅಂತ ಅವನಿಗೆ ಇಲ್ಲವೇ ಇಲ್ಲ. ಏಜೆನ್ಸಿ ಬದಲಾದರೆ ಅವನ ಮಾಲೀಕ ಬದಲಾಗುತ್ತಾನೆ, ಸ್ಟೇರಿಂಗು ಅದೇ. ನೀವು ಕಟ್ಟುವ ಆಸ್ತಿ ತೆರಿಗೆಗೂ ಅವನ ಸಂಬಳಕ್ಕೂ ನೇರ ನಂಟಿದೆ. ತೆರಿಗೆ ವಸೂಲಿ ಕುಂಟಿದರೆ ಅಧಿಕಾರಿಗಳ ಸಂಬಳ ನಿಲ್ಲುವುದಿಲ್ಲ, ಅದು ಎಸ್‌ಎಫ್‌ಸಿ ಹಣ. ಮೊದಲು ನಿಲ್ಲುವುದು ಏಜೆನ್ಸಿ ಬಿಲ್ಲು.

‘ಹೀಗೇ ಹತ್ತು ವರ್ಷ ದುಡಿದರೆ ಅವನೂ ಖಾಯಂ ಆಗುತ್ತಾನಾ?’ ಅಂತ ಕೇಳುವವರು ಬಹಳ. ಹಿಂದೆ ಹೇಳಿದ ದಿನಗೂಲಿಯ ಬಾಲ ಇಲ್ಲಿಗೆ ಬರುತ್ತದೆ. ಕರ್ನಾಟಕದಲ್ಲಿ 1984ರ ಜುಲೈ 1ರಿಂದಲೇ ದಿನಗೂಲಿ ನೇಮಕಕ್ಕೆ ತಡೆ ಇತ್ತು. ಆದರೂ ಇಲಾಖೆಗಳು ಸೇರಿಸಿಕೊಳ್ಳುತ್ತಲೇ ಹೋದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2006ರ ಏಪ್ರಿಲ್‌ನಲ್ಲಿ ಬಂದ ಉಮಾದೇವಿ ಪ್ರಕರಣದ ತೀರ್ಪು ಕರ್ನಾಟಕದ್ದೇ. ಪರೀಕ್ಷೆ, ಮೀಸಲಾತಿ ಇಲ್ಲದೆ ಹಿಂಬಾಗಿಲಿನಿಂದ ಬಂದವರಿಗೆ ಖಾಯಂ ಆಗುವ ಹಕ್ಕಿಲ್ಲ ಅಂತ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರಿಗೆ ಒಂದೇ ಸಲದ ಅವಕಾಶ ಅಂತ ಸಣ್ಣ ಕಿಟಕಿ ಬಿಟ್ಟಿತು. ಆ ಕಿಟಕಿಯಲ್ಲಿ ತೂರಲಾಗದ ಹಳಬರಿಗಾಗಿ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಮಾಡಿತು. ಅವರಿಗೆ 60 ವರ್ಷದವರೆಗೆ ಕೆಲಸದ ಭದ್ರತೆ ಸಿಕ್ಕಿತು, ಪೂರ್ತಿ ಖಾಯಂ ಸ್ಥಾನ ಸಿಗಲಿಲ್ಲ. ಕಚೇರಿಗಳಲ್ಲಿ ‘ಕ್ಷೇಮಾಭಿವೃದ್ಧಿ ನೌಕರ’ ಅಂತ ಒಬ್ಬರು ತಲೆ ನರೆತವರು ಕೂತಿದ್ದರೆ ಅವರ ಹಿಂದೆ ಇಷ್ಟು ಕಥೆ ಇದೆ. ಪೌರಕಾರ್ಮಿಕರಿಗೆ ಆದ ಹಾಗೆ ವಿಶೇಷ ನಿಯಮ ಮಾಡಿದರೆ ಮಾತ್ರ ಆಟೊ ಹುಡುಗನಿಗೆ ದಾರಿ.

ಇನ್ನೊಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ಸಿಬ್ಬಂದಿ ವಹಿಯಲ್ಲಿ ಮೂರು ಕಾಲಂ ಇರುತ್ತವೆ: ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ. ಮೊದಲ ಕಾಲಂ ನೋಡಿದರೆ ದೊಡ್ಡ ಕಚೇರಿ. ಎರಡನೆಯದು ನೋಡಿದರೆ ಕುರ್ಚಿ ಜಾಸ್ತಿ, ಜನ ಕಡಿಮೆ. ಖಾಲಿ ಹುದ್ದೆಯ ಕೆಲಸ ಮಾಯವಾಗುವುದಿಲ್ಲ, ಪಕ್ಕದವನಿಗೆ ‘ಪ್ರಭಾರ’ ಅಂತ ಅಂಟುತ್ತದೆ. ಒಂದು ಪುರಸಭೆಯಲ್ಲಿ ನಾನು ಕಂದಾಯ ಶಾಖೆಯ ಜೊತೆಗೆ ವ್ಯವಸ್ಥಾಪಕರ ಪ್ರಭಾರದಲ್ಲೂ ಇದ್ದೆ. ಕಂದಾಯ ಶಾಖೆಗೆ ಇಬ್ಬರು ಸಹಾಯಕರು ಬೇಕು ಅಂತ ವ್ಯವಸ್ಥಾಪಕರಿಗೆ ಟಿಪ್ಪಣಿ ಬರೆದೆ. ಮಧ್ಯಾಹ್ನ ಊಟ ಮಾಡಿ ಬಂದು ಇನ್ನೊಂದು ಕುರ್ಚಿಯಲ್ಲಿ ಕೂತು ‘ಸಿಬ್ಬಂದಿ ಕೊರತೆಯಿಂದ ಸಾಧ್ಯವಿಲ್ಲ’ ಅಂತ ನಾನೇ ಉತ್ತರ ಬರೆದೆ. ಲೆಕ್ಕಪರಿಶೋಧನೆಗೆ ಬಂದವರು ಎರಡೂ ಸಹಿ ನೋಡಿ ನಕ್ಕರು. ಆದ್ದರಿಂದ ಕಿಟಕಿಯಲ್ಲಿ ‘ಅವರು ಇವತ್ತು ಬೇರೆ ಊರಲ್ಲಿದ್ದಾರೆ’ ಅಂದಾಗ ಅದು ಯಾವಾಗಲೂ ನೆವ ಅಲ್ಲ. ನಿಜವಾಗಿಯೂ ಒಬ್ಬ ಇಂಜಿನಿಯರಿಗೆ ಎರಡು ಊರು ಇರಬಹುದು. ಕೆಲವು ಸಲ ನೆವವೂ ಹೌದು.

ಒಂದಷ್ಟು ಕೆಲಸ ನಗರಸಭೆಯದ್ದು ಅಂತ ಕಂಡರೂ ಬೇರೆಯವರದ್ದು. ದೊಡ್ಡ ನೀರಿನ ಯೋಜನೆ, ಒಳಚರಂಡಿ ಕಟ್ಟುವುದು ಸಾಮಾನ್ಯವಾಗಿ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಬಡಾವಣೆಗೆ ಒಪ್ಪಿಗೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ವಿದ್ಯುತ್ ಮೆಸ್ಕಾಂ, ಬೀದಿದೀಪದ ಬಿಲ್ಲು ಮಾತ್ರ ನಗರಸಭೆ. ಮುಖ್ಯ ರಸ್ತೆಗಳಲ್ಲಿ ಕೆಲವು ಲೋಕೋಪಯೋಗಿ ಅಥವಾ ಹೆದ್ದಾರಿಯವರದ್ದು. ಗುಂಡಿ ಮುಚ್ಚಿಸಲು ಅರ್ಜಿ ಕೊಡುವ ಮೊದಲು ರಸ್ತೆ ಯಾರದ್ದು ಅಂತ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಯಾರು ಯಾವ ಹುದ್ದೆಯಲ್ಲಿದ್ದಾರೆ ಅಂತ ತಿಳಿಯಲು ನೀವು ಯಾರ ಕಾಲೂ ಹಿಡಿಯಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ತನ್ನ ಅಧಿಕಾರಿಗಳ ಪಟ್ಟಿ, ಅವರ ಅಧಿಕಾರ, ಕರ್ತವ್ಯ, ತಿಂಗಳ ಸಂಬಳವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಆ ಪುಸ್ತಕ ತೋರಿಸಿ ಅಂತ ಕೇಳಿ. ಖಾತೆ, ಪರವಾನಗಿಯಂಥ ಎಷ್ಟೋ ಸೇವೆಗಳಿಗೆ ‘ಸಕಾಲ’ ಕಾಯ್ದೆಯಲ್ಲಿ ಇಷ್ಟು ದಿನ ಅಂತ ಗಡುವೂ ಇದೆ. ಅರ್ಜಿಗೆ ಸಕಾಲ ಸಂಖ್ಯೆ ಪಡೆಯದೆ ಬರಬೇಡಿ.

ಈಗ ಮಗಳ ವಿಷಯ. ಬಿ.ಕಾಂ. ಓದಿದವಳಿಗೆ ನಗರಸಭೆ ಒಳ್ಳೆಯ ಜಾಗ ಅಂತಲೇ ಹೇಳುತ್ತೇನೆ, ಲೆಕ್ಕ ಶಾಖೆ ಇರುವುದರಿಂದ. ಆದರೆ ‘ಇಲ್ಲೇ ನಗರಸಭೆಯಲ್ಲಿ’ ಅನ್ನುವ ಮಾತನ್ನು ತಲೆಯಿಂದ ತೆಗೆಯಿರಿ. ನಗರಸಭೆಯ ಬಾಗಿಲಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಕರ್ನಾಟಕ ಲೋಕಸೇವಾ ಆಯೋಗ ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹೊರಡಿಸುವ ಅಧಿಸೂಚನೆ ನೋಡಬೇಕು, ಅದರಲ್ಲಿ ಯಾವ ಇಲಾಖೆಯ ಹುದ್ದೆ ಅಂತ ಓದಬೇಕು. ಅಧಿಸೂಚನೆಯಲ್ಲಿ ಕಲ್ಯಾಣ ಕರ್ನಾಟಕದ ಹುದ್ದೆಗಳು ಬೇರೆ, ‘ಉಳಿಕೆ ಮೂಲ ವೃಂದ’ ಬೇರೆ ಇರುತ್ತವೆ; ನಮ್ಮ ಜಿಲ್ಲೆ ಎರಡನೆಯದರಲ್ಲಿ. ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಪದವಿ ಬೇಕು, ದ್ವಿತೀಯ ದರ್ಜೆಗೆ ಪಿಯುಸಿ ಸಾಕು. ಹೊಸ ಶ್ರೇಣಿಯಲ್ಲಿ ಮೂಲ ವೇತನ ಕ್ರಮವಾಗಿ 44,425 ಮತ್ತು 34,100 ರೂಪಾಯಿಯಿಂದ ಶುರು. ಎರಡಕ್ಕೂ ಅರ್ಜಿ ಹಾಕಲಿ. ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕಕ್ಕೆ ಇರುತ್ತದೆ, 50 ಬರಲೇಬೇಕು. ಕನ್ನಡ ಬರುತ್ತದಲ್ಲ ಅಂತ ಸುಮ್ನೆ ಹೋಗಿ ಕೂತು ಎಡವಿದವರನ್ನು ನೋಡಿದ್ದೇನೆ. ಒಂದರಿಂದ ಹತ್ತನೇ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಕೊನೆ ದಿನ ಶಾಲೆಗೆ ಓಡಿದರೆ ಹೆಡ್‌ಮಾಸ್ತರು ಸಿಗುವುದಿಲ್ಲ. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40. ಆಗಾಗ ಸಡಿಲಿಕೆ ಕೊಡುವುದುಂಟು. ಆಯ್ಕೆಯಾದ ಮೇಲೆ ಎರಡು ವರ್ಷ ಪ್ರೊಬೇಷನ್, ನಡುವೆ ಇಲಾಖಾ ಪರೀಕ್ಷೆ. ಇಲಾಖಾ ಪರೀಕ್ಷೆಯನ್ನು ‘ಆಮೇಲೆ ನೋಡೋಣ’ ಅಂದವರ ಬಡ್ತಿ ಕೂಡ ಆಮೇಲೆಯೇ ಆಗುತ್ತದೆ.

ಅಧಿಸೂಚನೆ ಯಾವಾಗ ಬರುತ್ತದೋ, ಬಂದದ್ದು ಕೋರ್ಟಿಗೆ ಹೋಗುತ್ತದೋ, ಫಲಿತಾಂಶಕ್ಕೆ ಎಷ್ಟು ಕಾಲವೋ ಹೇಳಲಾಗದು. ಅಷ್ಟರಲ್ಲಿ ಯಾರಾದರೂ ಬಂದು ‘ಏಜೆನ್ಸಿ ಮೂಲಕ ಡೇಟಾ ಎಂಟ್ರಿಗೆ ಹಾಕಿಸ್ತೀನಿ, ಸ್ವಲ್ಪ ಖರ್ಚಾಗುತ್ತೆ, ಎರಡು ವರ್ಷದಲ್ಲಿ ಪರ್ಮನೆಂಟ್ ಆಗುತ್ತೆ’ ಅನ್ನುತ್ತಾರೆ. ಖಂಡಿತ ಬರುತ್ತಾರೆ. ಕಾಸು ಕೊಡಬೇಡಿ. ಉಮಾದೇವಿ ಪ್ರಕರಣದ ಹೆಸರು ಹೇಳಿ, ಅವರೇ ಎದ್ದು ಹೋಗುತ್ತಾರೆ. ಕೆಲಸ ಕಲಿಯಲು ಏಜೆನ್ಸಿಯಲ್ಲಿ ಕೆಲವು ತಿಂಗಳು ಇದ್ದರೆ ತಪ್ಪಿಲ್ಲ, ಆದರೆ ಓದು ಬಿಟ್ಟು ಅಲ್ಲೇ ಕೂತುಬಿಟ್ಟರೆ ವಯಸ್ಸು ಮೀರುತ್ತದೆ.

ಮೊದಲ ಪೋಸ್ಟಿಂಗ್ ಚಿಕ್ಕಮಗಳೂರೇ ಸಿಗಲಿ ಅಂತ ಹಾರೈಸುತ್ತೇನೆ. ನನಗೆ ಸಿಕ್ಕಿದ್ದು ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗುವ ಊರು. ಸಂಜೆ ಕೊನೆಯ ಬಸ್ಸು ಆರೂವರೆಗೆ. ಮಾರ್ಚ್ ತಿಂಗಳಲ್ಲಿ ವಸೂಲಿ ಕೆಲಸ ಮುಗಿಯುವಾಗ ಏಳಾಗುತ್ತಿತ್ತು. ಹಾಗಾಗಿ ಮಗಳಿಗೆ ಈಗಲೇ ಒಂದು ಸ್ಕೂಟಿ ಓಡಿಸುವುದು ಕಲಿಸಿಡಿ.